ಬೆತ್ಲೆಹೆಮಿನ ಕೂಲಿಕಾರ: ತರಬೇತಿ ಮತ್ತು ಹೆಚ್ಚುಗೂಲಿಯನ್ನು ಕುರಿತು ಒಂದು ವಿಮರ್ಶೆ

ಕೆಲಸಗಾರನ ದುಡಿಮೆ ವೃದ್ಧಿಯಾಗುವುದು ತರಬೇತಿಯಿಂದಲೋ, ಹೆಚ್ಚುಗೂಲಿಯ ಆಸೆಯಿಂದಲೋ ಎಂಬ ಪ್ರಶ್ನೆಗೆ ವಾಣಿಜ್ಯಶಾಸ್ತ್ರದ ಪಠ್ಯಗ್ರಂಥಗಳು ಬಹುಕಾಲದಿಂದ ಒಂದು ದೃಷ್ಟಾಂತವನ್ನು ಕೊಡುತ್ತ ಬಂದಿವೆ. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ 1899ರಲ್ಲಿ ನಡೆದ ಪ್ರಯೋಗವೇ ಅದು. ಫ್ರೆಡರಿಕ್ ಟೇಲರನು 1911ರಲ್ಲಿ ಪ್ರಕಟಿಸಿದ ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳನ್ನು ಕುರಿತ ಗ್ರಂಥದಿಂದ ಅದು ಲೋಕಪ್ರಸಿದ್ಧವಾಯಿತು. ಈ ದೃಷ್ಟಾಂತವನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡುವುದೇ ಇಲ್ಲಿಯ ಉದ್ದೇಶ.

ಟೇಲರನ ಕಥನ ಹೀಗಿದೆ. ತಲಾ 92 ಪೌಂಡು ತೂಗುವ ಕಬ್ಬಿಣದ ಗಟ್ಟಿಗಳನ್ನು ಹೊತ್ತು, ಇಳಿಜಾರು ಹಲಗೆಯನ್ನೇರಿ, ರೈಲುಬಂಡಿಗೆ ತುಂಬುವುದು ಕೆಲಸ. ಆಳೊಬ್ಬನು ದಿನಕ್ಕೆ ಹನ್ನೆರಡೂವರೆ ಟನ್ನು ತುಂಬಿ 1 ಡಾಲರು 15 ಸೆಂಟು ಪಡೆಯುತ್ತಿದ್ದನು. ‘ಷ್ಮಿಟ್’ ಎಂಬವನನ್ನು ಆರಿಸಿ, ಯಾವಾಗ ಹೊರಬೇಕು, ಯಾವಾಗ ಕುಳಿತು ದಣಿವಾರಿಸಬೇಕು ಎಂಬುದನ್ನು ಗಡಿಯಾರ ಹಿಡಿದು ಕಲಿಸಲಾಯಿತು. ಕೂಲಿಯನ್ನು 1 ಡಾಲರು 85 ಸೆಂಟಿಗೆ ಏರಿಸಲಾಯಿತು. ಅವನು ದಿನಕ್ಕೆ ನಾಲ್ವತ್ತೇಳೂವರೆ ಟನ್ನು ತುಂಬಿದನು.

ಈ ಅಂಕಿಗಳನ್ನು ಹಾಗೆಯೇ ಒಪ್ಪಿದರೂ, ದುಡಿಮೆ ಸುಮಾರು ನಾಲ್ಕು ಪಾಲಾದಾಗ ಕೂಲಿ ಏರಿದುದು ಶೇಕಡ 60ರಷ್ಟು ಮಾತ್ರ ಎಂಬುದು ಗಮನಾರ್ಹ. ಇಷ್ಟು ಭಾರವನ್ನು ಹೊರಬಲ್ಲವರು ಎಂಟು ಜನರಲ್ಲಿ ಒಬ್ಬನೆಂದು ಟೇಲರನೇ ಒಪ್ಪಿದ್ದಾನೆ. ಹಾಗಾದರೆ ಇಲ್ಲಿ ಫಲಿಸಿದುದು ತರಬೇತಿಗಿಂತ ಹೆಚ್ಚಾಗಿ ಆಯ್ಕೆಯೆನ್ನಬೇಕು.

1974ರಲ್ಲಿ ರೆಗಿ ಮತ್ತು ಪೆರೋನಿ ಎಂಬ ವಿದ್ವಾಂಸರು ಆ ಕಾಲದ ದಾಖಲೆಗಳೊಡನೆ ಈ ಕಥನವನ್ನು ತಾಳೆನೋಡಿದರು. ಷ್ಮಿಟ್ಟನ ನಿಜನಾಮ ಹೆನ್ರಿ ನೋಲ್. ದಿನದ ಪ್ರಮಾಣವು ದೀರ್ಘ ಶಾಸ್ತ್ರೀಯ ಪರಿಶೀಲನೆಯಿಂದ ಬಂದುದಲ್ಲ. ಬಲಿಷ್ಠರಾದ ಕೆಲವರು ಸ್ವಲ್ಪ ಹೊತ್ತು ವೇಗವಾಗಿ ತುಂಬಿದುದನ್ನು ಇಡೀ ದಿನಕ್ಕೆ ಗುಣಿಸಿ, ವಿಶ್ರಾಂತಿಗೆಂದು ಒಂದು ಅಂಶವನ್ನು ಕಳೆದು ನಿಗದಿಮಾಡಿದುದು. ಟೇಲರನ ಕಥನದಲ್ಲಿ ಇತಿಹಾಸಕ್ಕಿಂತ ಪ್ರಚಾರದ ಅಂಶವೇ ಮಿಗಿಲೆಂದು ಅವರು ತೋರಿಸಿದರು.

ಆದರೂ ಟೇಲರನ ಕಾರ್ಯವೆಲ್ಲವೂ ಹುಸಿಯೆನ್ನಲಾಗದು. ಅದೇ ಕಾರ್ಖಾನೆಯಲ್ಲಿ ಸಲಿಕೆಯ ಕೆಲಸವನ್ನು ಪರಿಶೀಲಿಸಿ, ಒಂದು ಸಲಕ್ಕೆ ಇಪ್ಪತ್ತೊಂದೂವರೆ ಪೌಂಡು ಎತ್ತುವುದು ಅನುಕೂಲವೆಂದು ಅವನು ಕಂಡನು. ಅದಿರಿಗೆ ಚಿಕ್ಕದು, ಬೂದಿಗೆ ದೊಡ್ಡದು ಎಂಬಂತೆ ಬೇರೆಬೇರೆ ಸಲಿಕೆಗಳನ್ನು ಒದಗಿಸಿದನು. ಅವನ ಲೆಕ್ಕದಂತೆ ಟನ್ನೊಂದರ ವೆಚ್ಚ 7.2 ಸೆಂಟಿನಿಂದ 3.3 ಸೆಂಟಿಗೆ ಇಳಿಯಿತು, ಸರಾಸರಿ ಕೂಲಿ 1 ಡಾಲರು 88 ಸೆಂಟಿಗೆ ಏರಿತು. ಆದರೆ ಮೊದಲು 400ರಿಂದ 600 ಇದ್ದ ಆಳುಗಳು ಕೊನೆಗೆ 140 ಮಂದಿ ಉಳಿದರು. ಉಳಿದವನಿಗೆ ಲಾಭವಾದುದು ಹೋದವನಿಗೆ ನಷ್ಟವಾಯಿತು.

1911ರ ಆಗಸ್ಟಿನಲ್ಲಿ ವಾಟರ್‌ಟೌನಿನ ಸರ್ಕಾರಿ ಶಸ್ತ್ರಾಗಾರದ ಎರಕದ ಕೆಲಸಗಾರರು, ಗಡಿಯಾರ ಹಿಡಿದು ಅಳೆಯುವುದನ್ನು ವಿರೋಧಿಸಿ ಮುಷ್ಕರ ಹೂಡಿದರು. ಅಮೆರಿಕದ ಕಾಂಗ್ರೆಸ್ಸು ವಿಚಾರಣೆ ನಡೆಸಿ, 1915ರಲ್ಲಿ ಸೈನ್ಯದ ಶಸ್ತ್ರಾಗಾರಗಳಲ್ಲಿ ಈ ಪದ್ಧತಿಗೆ ಹಣ ವಿನಿಯೋಗಿಸುವುದನ್ನು ನಿಷೇಧಿಸಿತು. ಹೆಚ್ಚುಗೂಲಿಯ ಆಸೆಯಿದ್ದರೂ ಸಮ್ಮತಿಯಿಲ್ಲದ ಕಡೆ ಪದ್ಧತಿ ನೆಲೆಯೂರಲಿಲ್ಲ.

ಒಳ್ಳೆಯ ಉಪಕರಣವೂ ತಕ್ಕ ಶಿಕ್ಷಣವೂ ದುಡಿಮೆಯನ್ನು ಹೆಚ್ಚಿಸುವುದು ನಿಶ್ಚಯ. ಆದರೆ ಹೆಚ್ಚಿದ ಫಲ ಯಾರ ಪಾಲಿಗೆ ಸಂದಿತು, ಲೆಕ್ಕವನ್ನು ಬರೆದವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಷ್ಮಿಟ್ಟನ ಕಥೆಯನ್ನು ತರಗತಿಯಲ್ಲಿ ಹೇಳುವುದು ಅಧ್ಯಾಪಕರಾದ ನಮಗೆ ಉಚಿತವಲ್ಲ.