ಹಾಳೆಯ ಅಳತೆ

ಅಳತೆಯೆಂದೊಡನೆ ನಮಗೆ ನೆನಪಾಗುವುದು ಸೇರು, ಪಾವು, ಮೊಳ, ಗಜ. ನಾವು ಬರೆಯುವ ಹಾಳೆಗೂ ಒಂದು ಅಳತೆಯುಂಟು, ಆ ಅಳತೆಗೂ ಒಂದು ಚರಿತ್ರೆಯುಂಟು ಎಂಬುದನ್ನು ಯೋಚಿಸುವವರು ಕಡಮೆ. ನನಗೆ ಆ ಯೋಚನೆ ಬಂದುದು ಮಾರೇನಹಳ್ಳಿಯ ನಮ್ಮ ನೆರೆಮನೆಯ ಹಿರಿಯರೊಬ್ಬರಿಂದ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಊರು ಈಗ ವಿಜಯನಗರದ ಬೀದಿಗಳ ನಡುವೆ ಸೇರಿಹೋಗಿದೆ; ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಮಾತ್ರ ಹಳ್ಳಿಯ ಕಾಲದ ಕಾಗದಪತ್ರಗಳು ಉಳಿದಿವೆ.

ಹಿರಿಯರು ತಂದಿದ್ದುದು ಅವರ ತಂದೆಯ ಕಾಲದ ಪಾಲುಪಟ್ಟಿಯ ಜೆರಾಕ್ಸ್ ಪ್ರತಿ. “ಮೇಷ್ಟ್ರೇ, ಚಕ್ಕುಬಂದಿ ಇದೆ, ಪಾಲುದಾರರ ಹೆಸರಿದೆ. ಸಾಕ್ಷಿಗಳ ರುಜು ಎಲ್ಲಿ ಹೋಯಿತು?” ಎಂದರು. ಮೂಲಪತ್ರವನ್ನು ಗೆದ್ದಲು ತಿಂದಿತ್ತು. ನೋಂದಣಿಯಾಗದ ಪತ್ರವಾದುದರಿಂದ ಬೇರೆಲ್ಲಿಯೂ ನಕಲು ದೊರೆಯುವಂತಿರಲಿಲ್ಲ. ಕಾರಣ ಹುಡುಕಿದರೆ ಸಿಕ್ಕಿದುದು ಇಷ್ಟೆ: ಪತ್ರ ಹದಿಮೂರೂವರೆ ಅಂಗುಲದ ಫುಲ್‌ಸ್ಕೇಪ್ ಹಾಳೆಯಲ್ಲಿತ್ತು, ನಕಲು ತೆಗೆದುದು ಎ-4 ಹಾಳೆಯ ಮೇಲೆ. ಅದರ ಉದ್ದ 297 ಮಿಲಿಮೀಟರು, ಎಂದರೆ ಸುಮಾರು 11.7 ಅಂಗುಲ. ಕೆಳಗಿನ ಒಂದು ಮುಕ್ಕಾಲು ಅಂಗುಲದೊಡನೆ ಸಾಕ್ಷಿಗಳೂ ಹೋಗಿದ್ದರು.

ನಮ್ಮ ಪೂರ್ವಿಕರಿಗೆ ಈ ತೊಡಕಿರಲಿಲ್ಲ. ತಾಳೆಗರಿಯ ಅಗಲವನ್ನು ಮರವೇ ನಿರ್ಣಯಿಸುತ್ತಿತ್ತು. ಹುಣಿಸೆಬೀಜದ ಸರಿ ಮತ್ತು ಇದ್ದಲಿನ ಪುಡಿ ಬಳಿದ ಬಟ್ಟೆಯನ್ನು ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಡತವನ್ನು ಬೇಕಾದಷ್ಟು ಉದ್ದಕ್ಕೆ ಮಾಡಿಕೊಳ್ಳಬಹುದಾಗಿತ್ತು. ಆ ಬಟ್ಟೆ ಹೋದರೂ ಅದರ ಹೆಸರು ಇಂದಿಗೂ ಕಛೇರಿಯ ಫೈಲಿಗೆ ಉಳಿದುಕೊಂಡಿದೆ.

ಇಂಗ್ಲಿಷರೊಡನೆ ಫುಲ್‌ಸ್ಕೇಪ್ ಬಂದಿತು. ‘ಫುಲ್’ ಎಂದರೆ ಪೂರ್ಣ, ಆದುದರಿಂದ ಇದು ಪೂರ್ಣ ಹಾಳೆ ಎಂದು ನಮ್ಮ ವಿದ್ಯಾರ್ಥಿಗಳು ಅರ್ಥಮಾಡುವುದುಂಟು. ನಿಜವಾಗಿ ಅದು ‘ಫೂಲ್ಸ್ ಕ್ಯಾಪ್’, ವಿದೂಷಕನ ಟೊಪ್ಪಿಗೆ. ಯುರೋಪಿನ ಕಾಗದ ತಯಾರಕರು ಆ ಟೊಪ್ಪಿಗೆಯ ಚಿತ್ರವನ್ನು ನೀರುಗುರುತಾಗಿ ಹಾಳೆಯೊಳಗೆ ಮೂಡಿಸುತ್ತಿದ್ದರು. ಪುಸ್ತಕಗಳಿಗೆ ಕ್ರೌನ್, ಡೆಮಿ, ರಾಯಲ್ ಎಂಬ ಬೇರೆ ಅಳತೆಗಳು ಬಂದವು. ಕನ್ನಡ ಪುಸ್ತಕಗಳ ಒಳಪುಟದಲ್ಲಿ ಕಾಣುವ ‘ಡೆಮಿ 1/8’ ಎಂಬುದು, ದೊಡ್ಡ ಡೆಮಿ ಹಾಳೆಯನ್ನು ಮೂರು ಸಲ ಮಡಿಸಿ ಎಂಟು ಭಾಗ ಮಾಡಿದುದರ ಗುರುತು.

ಹೊಸ ಅಳತೆಯ ಬೀಜವೂ ಹಳೆಯದೇ. ಜರ್ಮನಿಯ ಪಂಡಿತ ಲಿಖ್ಟನ್‌ಬರ್ಗ್ 1786ರಲ್ಲಿ ಬರೆದ ಪತ್ರವೊಂದರಲ್ಲಿ, ಅರ್ಧಕ್ಕೆ ಮಡಿಸಿದರೂ ಆಕಾರ ಕೆಡದ ಹಾಳೆಯ ಪ್ರಸ್ತಾಪ ಮಾಡಿದನು. 1798ರಲ್ಲಿ ಫ್ರಾನ್ಸಿನ ಛಾಪಾ ಕಾಗದದ ಕಾನೂನಿನಲ್ಲಿ ಅಂತಹ ಅಳತೆಗಳೇ ಬಂದವು. ಅವು ಮರೆತುಹೋಗಿ, 1922ರಲ್ಲಿ ಪೋರ್ಸ್ಟ್‌ಮನ್ ಎಂಬಾತನ ಪ್ರಯತ್ನದಿಂದ ಜರ್ಮನಿಯಲ್ಲಿ ಮತ್ತೆ ತಲೆಯೆತ್ತಿದವು. 1975ರಲ್ಲಿ ಅಂತರರಾಷ್ಟ್ರೀಯ ಮಾನವಾದವು.

ಇದರ ಗುಣವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎ-4 ಹಾಳೆಯನ್ನು ಅರ್ಧ ಮಡಿಸಿದರೆ ಅದೇ ಆಕಾರದ ಚಿಕ್ಕ ಹಾಳೆಯಾಗುತ್ತದೆ. ಫುಲ್‌ಸ್ಕೇಪನ್ನು ಮಡಿಸಿದರೆ ಮೋಟಾಗುತ್ತದೆ. ತಾಯಿಹಾಳೆಯಾದ ಎ-0 ಒಂದು ಚದರ ಮೀಟರು. ಅದರ ಹದಿನಾರನೆಯ ಒಂದು ಪಾಲು ಎ-4. ಆದುದರಿಂದ ‘80 ಗ್ರಾಂ’ ಕಾಗದವೆಂದರೆ ಎ-4 ಹಾಳೆ ಒಂದಕ್ಕೆ ಐದು ಗ್ರಾಂ ತೂಕ. ಅಂಚೆಯ ಖರ್ಚನ್ನು ತಕ್ಕಡಿಯಿಲ್ಲದೆಯೇ ಎಣಿಸಬಹುದು.

ನಮ್ಮ ದೇಶದಲ್ಲಿ 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಿತು. 1956ರ ಕಾನೂನಿನಂತೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಬರತೊಡಗಿದವು. ಸೇರು ಹೋಗಿ ಕಿಲೋ ಬಂದರೂ ಮೇಜಿನ ಮೇಲಿನ ಉದ್ದ ಹಾಳೆ ಬೇಗ ಜಗ್ಗಲಿಲ್ಲ. ಅದನ್ನು ಸರಿಸಿದುದು ಮುಖ್ಯವಾಗಿ ಜೆರಾಕ್ಸ್ ಮತ್ತು ಕಂಪ್ಯೂಟರಿನ ಮುದ್ರಣಯಂತ್ರಗಳು. ಸುಪ್ರೀಂ ಕೋರ್ಟು ಸಹ ಎ-4 ಹಾಳೆಯ ಎರಡೂ ಬದಿಗಳನ್ನು ಬಳಸಲು ನಿಶ್ಚಯಿಸಿದುದು 2020ರಲ್ಲಿ.

ಹಾಗಾದರೆ ದಿನಬಳಕೆಗೆ ಯಾವುದು ಲೇಸು? ಹೊಸದಾಗಿ ಬರೆಯುವುದಕ್ಕೆ ಎ-4 ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಹೊಸ ಅಳತೆಯನ್ನು ಒಪ್ಪುವವನು ಹಳೆಯದಕ್ಕೆ ಕತ್ತರಿ ಹಾಕಬಾರದು. ಹಳೆಯ ಪತ್ರದ ನಕಲನ್ನು ದೊಡ್ಡದಾದ ಎ-3 ಹಾಳೆಯ ಮೇಲೆ ತೆಗೆಯಿಸಿ. ಇಲ್ಲವೇ ಶೇಕಡಾ 85ಕ್ಕೆ ಕಿರಿದುಮಾಡಿ ಎಂದು ಅಂಗಡಿಯವನಿಗೆ ಹೇಳಿ. ಹಣ ಕೊಡುವ ಮುನ್ನ ಮೂಲದ ಕೊನೆಯ ಸಾಲನ್ನೂ ನಕಲಿನ ಕೊನೆಯ ಸಾಲನ್ನೂ ಒಟ್ಟಿಗೆ ಇಟ್ಟು ನೋಡಿ.

ನಮ್ಮ ಹಿರಿಯರಿಗೆ ಈ ಮಾತು ತಡವಾಗಿ ತಿಳಿಯಿತು. ಅವರ ತಮ್ಮಂದಿರು ದೊಡ್ಡ ಮನಸ್ಸಿನಿಂದ ಹಳೆಯ ಪಾಲನ್ನೇ ಒಪ್ಪಿಕೊಂಡರು. ಎಲ್ಲರ ಮನೆಯಲ್ಲೂ ಅಂತಹ ತಮ್ಮಂದಿರು ಇರುವರೆಂದು ಹೇಳಲಾಗದು.