ಬರ್ವಾಷ್ ಗ್ರಾಮದ ಸ್ಮಾರಕದೀಪ

ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಬರ್ವಾಷ್ ಎಂಬ ಗ್ರಾಮವುಂಟು. ಅಲ್ಲಿಯ ಸಂತ ಬಾರ್ಥೊಲೊಮ್ಯೂವಿನ ಹೆಸರಿನ ಕ್ರೈಸ್ತ ದೇವಾಲಯದ ಅಂಗಳದ ಬಾಗಿಲಲ್ಲಿ ಕಲ್ಲಿನ ಸ್ಮಾರಕವೊಂದು ನಿಂತಿರುವುದು. ಅದರ ಮೈಮೇಲೆ 1914ರ ಮಹಾಯುದ್ಧದಲ್ಲಿ ಮಡಿದ ಊರಿನವರ ಹೆಸರುಗಳು. ನೆತ್ತಿಯಲ್ಲಿ ದೀಪದ ಗೂಡು. ಹೆಸರು ಕೆತ್ತಿಸಿಕೊಂಡವರಲ್ಲಿ ಒಬ್ಬೊಬ್ಬನು ಸತ್ತ ದಿನವು ಬಂದಾಗಲೂ ಆ ದೀಪವನ್ನು ಬೆಳಗಿಸುವುದೆಂಬ ಏರ್ಪಾಡು ಅಲ್ಲಿ ಹುಟ್ಟಿತು. 1920ರಲ್ಲಿ ಸ್ಥಾಪಿತವಾದ ಈ ಕಲ್ಲಿನ ಹಿಂದೆ ಒಂದು ದುಃಖದ ಇತಿಹಾಸವಿದೆ.

ಹಿಂದಿನ ಯುದ್ಧಗಳಲ್ಲಿ ಸಾಮಾನ್ಯ ಸಿಪಾಯಿಯನ್ನು ಹೂಳಿದ ಸ್ಥಳಕ್ಕೆ ಗುರುತಿಡುವವರೇ ವಿರಳ. ಈ ಯುದ್ಧದಲ್ಲಿ ಹಾಗಾಗಬಾರದೆಂದು ಫೇಬಿಯನ್ ವೇರ್ ಎಂಬಾತನು ಶ್ರಮಿಸಿದುದರಿಂದ 1917ರಲ್ಲಿ ಯುದ್ಧಸಮಾಧಿಗಳ ಆಯೋಗವು ಏರ್ಪಟ್ಟಿತು. ಅಧಿಕಾರಿಗೂ ಸಿಪಾಯಿಗೂ ಒಂದೇ ಬಗೆಯ ಕಲ್ಲು. ಯಾರ ಕಳೇಬರವನ್ನೂ ಸ್ವದೇಶಕ್ಕೆ ತರಕೂಡದು. ಧನಿಕರ ಮಕ್ಕಳು ಮಾತ್ರ ಮನೆಗೆ ಮರಳಿ, ಬಡವರ ಮಕ್ಕಳು ಪರದೇಶದಲ್ಲಿ ಉಳಿಯುವುದು ನ್ಯಾಯವಲ್ಲವೆಂಬುದೇ ಇದರ ತತ್ತ್ವ. ನಿಯಮವು ನ್ಯಾಯವಾದುದೇ, ಆದರೆ ತಾಯಂದಿರಿಗೆ ಅಳುವುದಕ್ಕೊಂದು ಸ್ಥಳವಿಲ್ಲದಂತಾಯಿತು. ಆದುದರಿಂದಲೇ ಊರೂರಿನ ಚರ್ಚಿನ ಅಂಗಳದ ಕಲ್ಲು ಸಮಾಧಿಯ ಸ್ಥಾನವನ್ನು ಪಡೆಯಿತು.

ಬರ್ವಾಷಿನ ಕಲ್ಲಿನ ಮೇಲಿರುವ ಹೆಸರುಗಳಲ್ಲಿ ಜಾನ್ ಕಿಪ್ಲಿಂಗನದೂ ಒಂದು. ಆತನು ಮುಂಬಯಿಯಲ್ಲಿ ಜನಿಸಿ, 1907ರಲ್ಲಿ ನೊಬೆಲ್ ಬಹುಮಾನವನ್ನು ಪಡೆದು, ಈ ಗ್ರಾಮದ ಬಳಿ ಮನೆಮಾಡಿಕೊಂಡಿದ್ದ ಕವಿ ರಡ್ಯಾರ್ಡ್ ಕಿಪ್ಲಿಂಗನ ಏಕಮಾತ್ರ ಪುತ್ರ. ಹುಡುಗನ ದೃಷ್ಟಿ ತೀರ ಮಂದವಾಗಿದ್ದುದರಿಂದ ಸೈನ್ಯವು ಅವನನ್ನು ಒಲ್ಲೆನೆಂದಿತು. ಯುದ್ಧೋತ್ಸಾಹಿಯಾಗಿದ್ದ ತಂದೆಯು ಸೇನಾನಿ ಲಾರ್ಡ್ ರಾಬರ್ಟ್ಸನಿಗೆ ಹೇಳಿ, ಐರಿಷ್ ಗಾರ್ಡ್ಸ್ ದಳದಲ್ಲಿ ಅವನಿಗೆ ಅಧಿಕಾರಿಯ ಪದವಿಯನ್ನು ದೊರಕಿಸಿದನು. 1915ನೆಯ ಆಗಸ್ಟಿನಲ್ಲಿ ಹದಿನೆಂಟು ತುಂಬಿದ ಆ ತರುಣನು ಸೆಪ್ಟೆಂಬರ್ 27ರಂದು ಫ್ರಾನ್ಸಿನ ಲೂಸ್ ಕದನದಲ್ಲಿ ಕಾಣೆಯಾದನು.

ತಂದೆತಾಯಿಗಳು ಗಾಯಾಳುಗಳನ್ನು ಕಂಡು ಕಂಡು ವಿಚಾರಿಸಿದರು, ಕಳೇಬರವು ಸಿಕ್ಕಲಿಲ್ಲ. ಕಿಪ್ಲಿಂಗನು ಮುಂದೆ ಅದೇ ಸಮಾಧಿಗಳ ಆಯೋಗದ ಸದಸ್ಯನಾದನು. ಗುರುತು ಸಿಕ್ಕದ ಯೋಧರ ಕಲ್ಲಿಗೆ ಯಾವ ಮಾತನ್ನು ಕೆತ್ತಬೇಕೆಂಬುದನ್ನು ಸೂಚಿಸಿದವನೂ ಆತನೇ: ಮನುಷ್ಯರಿಗೆ ತಿಳಿಯದಿದ್ದರೂ ದೇವರಿಗೆ ಇವನು ತಿಳಿದವನೆಂಬುದು ಅದರ ಭಾವ. ಲೋಕದ ಮಕ್ಕಳಿಗಾಗಿ ಬರೆದ ಆ ಮಾತು ಸ್ವಂತ ಮಗನಿಗೂ ಸಲ್ಲುವಂತಿತ್ತು. ಮಗನ ದಳದ ಚರಿತ್ರೆಯನ್ನು ಆತನು 1923ರಲ್ಲಿ ಪ್ರಕಟಿಸಿದನು. 1936ರಲ್ಲಿ ತೀರಿಕೊಳ್ಳುವವರೆಗೂ ಮಗನ ಸಮಾಧಿ ಯಾವುದೆಂದು ಆತನಿಗೆ ತಿಳಿಯಲಿಲ್ಲ. 1992ರಲ್ಲಿ ಆಯೋಗವು ಲೂಸ್ ಸಮೀಪದ ಒಂದು ಅನಾಮಕ ಸಮಾಧಿಯನ್ನು ಜಾನನದೆಂದು ನಿರ್ಣಯಿಸಿತು. ಅದನ್ನು ಸಂಶಯಿಸಿದ ವಿದ್ವಾಂಸರೂ ಉಂಟು.

ಪುತ್ರನು ಪಿತೃವಿಗೆ ತಿಲೋದಕ ಕೊಡುವುದು ಲೋಕದ ಕ್ರಮ. ಯುದ್ಧವು ಆ ಕ್ರಮವನ್ನು ತಲೆಕೆಳಗು ಮಾಡುವುದು. ಬರ್ವಾಷಿನ ದೀಪವು ವಿಜಯವನ್ನು ಸಾರುವುದಲ್ಲ. ಒಬ್ಬೊಬ್ಬನ ಪುಣ್ಯತಿಥಿಯನ್ನು ಬೇರೆಬೇರೆಯಾಗಿ ನೆನೆಯುವುದು. ಕವಿಪುತ್ರನಿಗೆ ಒಂದು ದಿನ, ಅವನ ಪಕ್ಕದ ಹೆಸರಿನವನಿಗೂ ಒಂದು ದಿನ. ಸೈನ್ಯದ ಲೆಕ್ಕದಲ್ಲಿ ಸಂಖ್ಯೆಯಾಗಿ ಕರಗಿದವರು ಊರಿನ ಲೆಕ್ಕದಲ್ಲಿ ಮತ್ತೆ ಮಕ್ಕಳಾಗುವುದು ಹೀಗೆ.