ಬಸುರಿಯ ಮೇಲೆ ಎತ್ತಿದ ಕೈ

ಬಸವಕಲ್ಯಾಣದ ಬಗ್ಗೆ ಬರೆಯುವವರೆಲ್ಲ ಕೋಟೆ, ಅನುಭವ ಮಂಟಪ, ರಾಜಾ ಬಾಗ್‌ಸವಾರರ ದರ್ಗಾಗಳಿಂದ ಆರಂಭಿಸುವುದು ವಾಡಿಕೆ. ನಾವು ಒಂದು ಕಾನೂನು ಗ್ರಂಥದಿಂದ ಆರಂಭಿಸುತ್ತೇವೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ವನ್ನು ಬರೆದದ್ದು ಈ ಕಲ್ಯಾಣದಲ್ಲೇ. ಸ್ತ್ರೀಧನದ ಅರ್ಥವನ್ನು ಆತ ಹಿಗ್ಗಿಸಿದ; ಅಷ್ಟರಮಟ್ಟಿಗೆ ಉದಾರಿ. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದೂ ಪ್ರತಿಪಾದಿಸಿದ. ಮಗಳಿಗೂ ಆ ಹಕ್ಕು ದೊರೆಯಲು ಕರ್ನಾಟಕದಲ್ಲಿ 1994ರವರೆಗೆ, ದೇಶದಲ್ಲಿ 2005ರವರೆಗೆ ಕಾಯಬೇಕಾಯಿತು. ಗಂಡುಮಗುವಿನ ಹಂಬಲಕ್ಕೆ ಈ ಗ್ರಂಥವೇ ಕಾರಣವೆಂದು ನಾವು ಹೇಳಲಾರೆವು. ಮಿತಾಕ್ಷರ ಅನ್ವಯಿಸದ ಮುಸ್ಲಿಮ್ ಮನೆಗಳಲ್ಲೂ ಆ ಹಂಬಲ ಕಡಿಮೆಯೇನಿಲ್ಲ. ಎರಡು ಹೆಣ್ಣಾದ ಮೇಲಿನ ಮೂರನೆಯ ಬಸಿರು ಎಷ್ಟು ಹೆದರಿಕೆಯದೆಂದು ಎರಡೂ ಕಡೆಯ ಹೆಂಗಸರಿಗೆ ಗೊತ್ತು.

ಇನ್ನು 1860ರ ದಂಡಸಂಹಿತೆ. ಇದನ್ನು ‘ತಾಜೀರಾತೆ ಹಿಂದ್’ ಎಂದು ಉರ್ದುವಿಗೆ ತಂದವರಲ್ಲಿ ಒಬ್ಬರು ನಜೀರ್ ಅಹಮದ್. ಉರ್ದು ಶಾಲೆಯಲ್ಲಿ ಕಲಿತ ನಮಗೆ ಅವರು ‘ಮಿರಾತುಲ್ ಉರೂಸ್’ (1869) ಕಾದಂಬರಿಯ ಅಕ್ಬರಿ-ಅಸ್ಗರಿಯರ ಕಥೆಗಾರರಾಗಿಯೇ ಹೆಚ್ಚು ಪರಿಚಿತರು. 1877ರಲ್ಲಿ ಹೈದರಾಬಾದಿಗೆ ಬಂದು ನಿಜಾಮರ ಆಡಳಿತದಲ್ಲಿ ದುಡಿದರು. ಅವರು ಅನುವಾದಿಸಿದ ಆ ಸಂಹಿತೆಯಲ್ಲಿ, ಹೆಣ್ಣಿನ ಒಪ್ಪಿಗೆಯಿಲ್ಲದೆ ಗರ್ಭ ಕೆಡಿಸಿದವನಿಗೆ ಜೀವಾವಧಿಯವರೆಗೂ ಶಿಕ್ಷೆಯಿತ್ತು. ಹೆಂಡತಿಯನ್ನು ಹಿಂಸಿಸುವುದು ಪ್ರತ್ಯೇಕ ಅಪರಾಧವಾದದ್ದು ಮಾತ್ರ 1983ರಲ್ಲಿ, 498-ಎ ಕಲಮಿನ ಮೂಲಕ. ಶಿಕ್ಷೆ ಹೆಚ್ಚೆಂದರೆ 3 ವರ್ಷ. ಹಲ್ಲೆಯ ಸಾಮಾನ್ಯ ಕಲಮುಗಳು ಮೊದಲಿಂದಲೂ ಇದ್ದವು, ನಿಜ. ಆದರೂ ಗರ್ಭ ಕಾನೂನಿನ ಕಣ್ಣಿಗೆ ಬಿದ್ದು 123 ವರ್ಷಗಳಾದ ಮೇಲೆ ಅದನ್ನು ಹೊತ್ತ ಹೆಂಡತಿ ಕಾಣಿಸಿದಳು! ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆ 1939ರಲ್ಲೇ ಗಂಡನ ಕ್ರೌರ್ಯವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪಿತ್ತು. ಅದನ್ನು ಬಳಸಿಕೊಳ್ಳಲು ಕೋರ್ಟಿನ ಮೆಟ್ಟಿಲು ಹತ್ತಬೇಕಲ್ಲ, ಹತ್ತಿದವರೆಷ್ಟು ಜನ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ 100ಕ್ಕೆ 44 ಮಂದಿ ಗಂಡನ ಹಿಂಸೆ ಕಂಡವರು. ಬಸುರಿಯಾಗಿದ್ದಾಗಲೇ ಪೆಟ್ಟು ತಿಂದವರು 100ಕ್ಕೆ ಸುಮಾರು 6. ಬಾಯಿಬಿಟ್ಟು ಹೇಳಿದವರ ಲೆಕ್ಕ ಇದು. ಗಂಡನ ಕುಡಿತ, ಎಳೆಯ ವಯಸ್ಸಿನ ಮದುವೆ, ವರದಕ್ಷಿಣೆಯ ಬಾಕಿ, ಬೇಡದ ಬಸಿರು, ತಂದೆ ತಾಯಿಯನ್ನು ಹೊಡೆಯುವುದನ್ನು ಕಂಡು ಬೆಳೆದ ಬಾಲ್ಯ, ಇವು ಹಿಂಸೆಯ ಜೊತೆಗೆ ಮತ್ತೆ ಮತ್ತೆ ಕಾಣುವ ಸಂಗತಿಗಳು. ಹೊಟ್ಟೆಯ ಕೂಸು ದಿನ ತುಂಬುವ ಮೊದಲೇ ಹುಟ್ಟುವ, ತೂಕ ಕಡಿಮೆಯಾಗುವ ಅಪಾಯವೂ ಇದರಿಂದ ಹೆಚ್ಚು.

ನಮ್ಮ ಕಡೆ ವರದಕ್ಷಿಣೆಗೆ ‘ಜೋಡೆ ಕಿ ರಖಮ್’ ಎಂಬ ಮರ್ಯಾದೆಯ ಹೆಸರಿದೆ. ಮೆಹರ್ ಕೊಡಬೇಕಾದವನೇ ವಸೂಲಿಗೆ ಕೂರುವ ಈ ಪದ್ಧತಿಗೆ ಯಾವ ಶರೀಅತ್ತಿನ ಆಧಾರವಿದೆಯೋ ಬಲ್ಲವರು ಹೇಳಲಿ. ಹುಮನಾಬಾದಿನ ಮೇಲೆ ಹಾದುಹೋಗುವ ಹೈದರಾಬಾದ್-ಸೋಲಾಪುರ ರಸ್ತೆ ಹಿಡಿದು ಗಂಡಸರು ಪುಣೆ, ಮುಂಬೈಗೆ ದುಡಿಯಲು ಹೋದರೆ ಬಾಕಿಯ ಮಾತು ಅತ್ತೆಯ ಬಾಯಿಂದ ಬರುತ್ತದೆ.

ಏಳನೆಯ ತಿಂಗಳಲ್ಲಿ ಹಿಂದೂಗಳಲ್ಲಿ ಕುಬಸ, ನಮ್ಮಲ್ಲಿ ಸತ್ವಾಸಾ. ಆಮೇಲೆ ಮೊದಲ ಹೆರಿಗೆಗೆ ತವರು. ಹಳಬರು ಇದನ್ನು ಬರೀ ಸಡಗರಕ್ಕಾಗಿ ಮಾಡಲಿಲ್ಲ, ಹುಡುಗಿಗೆ ನಾಲ್ಕು ತಿಂಗಳು ಬೇರೆ ಸೂರು ಸಿಗಲೆಂದೂ ಮಾಡಿದರು ಎಂದೇ ನಮ್ಮ ಗುಮಾನಿ. ಆದರೆ ಆ ಸೂರು ಏಳರ ನಂತರದ್ದು, ಅದೂ ಮೊದಲ ಬಸಿರಿಗೆ. ಮೂರನೆಯ ಬಸಿರಿನ ಹೊತ್ತಿಗೆ ತವರಿನಲ್ಲಿ ಅಣ್ಣ-ಅತ್ತಿಗೆಯರ ಸಂಸಾರ.

2006ರ ಅಕ್ಟೋಬರ್ 26ರಿಂದ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಜಾರಿಯಲ್ಲಿದೆ. ಅದರಡಿ ಗಂಡನ ಮನೆಯಲ್ಲೇ ಇರುವ ಹಕ್ಕು ಹೆಣ್ಣಿಗುಂಟು. ರಕ್ಷಣಾಧಿಕಾರಿಯ ಮೂಲಕ ದೂರು ಕೊಡಬಹುದು, 181ಕ್ಕೆ ಫೋನ್ ಮಾಡಬಹುದು. ಆದರೆ ಬಸುರಿ ತಾನಾಗಿ ಹೊಸ್ತಿಲು ದಾಟಿ ಹೋಗುವ ಜಾಗ ಒಂದೇ, ಆಸ್ಪತ್ರೆ. ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ ಬರೆಯುತ್ತಾರೆ. ಬಾಸುಂಡೆಯ ಮಾತು ಕೇಳಿದರಷ್ಟೇ ಹೊರಬರುತ್ತದೆ. ಗರ್ಭಿಣಿಯರ ತಪಾಸಣೆಯಲ್ಲಿ ಇದಕ್ಕೆ ಅವಕಾಶವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಕೇಳುವಾಗ ಅತ್ತೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಬೇಕು, ಅಷ್ಟೆ.